ಮನೆಗೆ ಕರೆತರುವ ಕೆಲಸ ವಾರ್ಡಿನಲ್ಲೇ ಶುರುವಾಗಲಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ನಮ್ಮ ಮಾವನವರಿಗೆ 74 ವರ್ಷ. ಏಪ್ರಿಲ್ ಕೊನೆಯ ವಾರ ಬೆಳಿಗ್ಗೆ ತೋಟದಿಂದ ಬಂದವರು ಜಗಲಿಯ ಮೇಲೆ ಕುಸಿದುಬಿದ್ದರು. ಲಕ್ವ ಹೊಡೆದಿದೆ ಎಂದರು. ಘಟ್ಟದ ಕೆಳಗಿನ ಆಸ್ಪತ್ರೆಯೊಂದಕ್ಕೆ ಸೇರಿಸಿ ಇವತ್ತಿಗೆ 52 ದಿನ. ಮೊದಲ 19 ದಿನ ಐಸಿಯುವಿನಲ್ಲಿದ್ದರು; ನಡುವೆ ನ್ಯುಮೋನಿಯಾ ಆಗಿ ವೆಂಟಿಲೇಟರ್ ಕೂಡ ಹಾಕಿದ್ದರು. ಈಗ ವಾರ್ಡಿನಲ್ಲಿದ್ದಾರೆ. ಬಲಗೈ, ಬಲಗಾಲು ಆಡುವುದಿಲ್ಲ. ಮೂಗಿನ ನಳಿಗೆಯಲ್ಲಿ ಆಹಾರ, ಮೂತ್ರಕ್ಕೆ ಕ್ಯಾಥೆಟರ್. ಬೆನ್ನಿನ ಕೆಳಗೆ ಎರಡು ಬೆರಳಗಲದ ಹಾಸಿಗೆ ಹುಣ್ಣಾಗಿದೆ. ಮೊದಲಿನಿಂದಲೂ ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಇದ್ದು, ಈಗ ಇನ್ಸುಲಿನ್ ಕೊಡುತ್ತಿದ್ದಾರೆ. ಮಾತು ಹೋಗಿದೆ. 'ಮನೆ' ಎನ್ನುವ ಒಂದು ಪದ ಮಾತ್ರ ಹೇಗೋ ಹೊರಡುತ್ತದೆ. ದಿನಕ್ಕೆ ಹತ್ತು ಬಾರಿ ಅದನ್ನೇ ಹೇಳುತ್ತಾರೆ.

ಇನ್ನೊಂದು ವಾರದಲ್ಲಿ ಕರೆದುಕೊಂಡು ಹೋಗಬಹುದೆಂದು ಡಾಕ್ಟರು ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ಭಾವನವರು ಹೋಂ ನರ್ಸ್ ಇಟ್ಟರಾಯಿತು ಎನ್ನುತ್ತಾರೆ. ನಾದಿನಿ, ಇನ್ನೂ ಸ್ವಲ್ಪ ದಿನ ಆಸ್ಪತ್ರೆಯಲ್ಲೇ ಇರಲಿ ಎನ್ನುತ್ತಾರೆ. ಅತ್ತೆಗೆ ಮಂಡಿನೋವು, ಬಗ್ಗಲಾಗುವುದಿಲ್ಲ. ನನ್ನ ಯಜಮಾನರಿಗೆ ತೋಟದ ಕೆಲಸ. ಕೊನೆಗೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಮಾವನವರು ನನ್ನನ್ನು ಮಗಳಂತೆ ನೋಡಿಕೊಂಡವರು, ಅವರ ಸೇವೆ ಮಾಡಲು ನನಗೆ ಬೇಸರವಿಲ್ಲ. ಆದರೆ ನನ್ನ ಕೈಯಲ್ಲಿ ಏನಾದರೂ ತಪ್ಪಾಗಿ ಅವರ ಜೀವಕ್ಕೆ ತೊಂದರೆಯಾದರೆ ಎಂಬ ಭಯದಿಂದ ನಿದ್ದೆ ಬರುತ್ತಿಲ್ಲ. ಕರೆತರುವುದು ಸರಿಯೇ? ಹೇಗೆ ಸಿದ್ಧವಾಗಬೇಕು?

ಉತ್ತರ: ಸೋದರಿ, ಕರೆತರುವುದು ಸರಿ. ಜ್ವರವಿಲ್ಲದೆ, ಆಮ್ಲಜನಕದ ನೆರವಿಲ್ಲದೆ ಅವರು ಉಸಿರಾಡುತ್ತಿದ್ದರೆ, ಬಿ.ಪಿ. ಮತ್ತು ಸಕ್ಕರೆ ಹತೋಟಿಯಲ್ಲಿದ್ದರೆ, ಆಸ್ಪತ್ರೆಯಲ್ಲಿ ಉಳಿಯುವ ಪ್ರತಿಯೊಂದು ದಿನವೂ ಹೊಸ ಸೋಂಕಿಗೆ ಅವಕಾಶ ಕೊಟ್ಟಂತೆ. ಅವರು ಉಳಿಸಿಕೊಂಡಿರುವ ಒಂದೇ ಪದ ಯಾವುದೆಂಬುದೂ ನಿಮ್ಮೆಲ್ಲರ ಕಣ್ಣ ಮುಂದಿದೆ. ಆದರೆ ಬರುವ ಒಂದು ವಾರವನ್ನು ದಿನ ಎಣಿಸುತ್ತಾ ಕಳೆಯಬೇಡಿ. ಮನೆಯಲ್ಲಿ ಮಾಡಬೇಕಾದ ಪ್ರತಿಯೊಂದು ಕೆಲಸವನ್ನೂ, ಮನೆಯಲ್ಲಿ ಮಾಡುವವರ ಕೈಯಿಂದಲೇ, ವಾರ್ಡಿನ ಸಿಸ್ಟರ್ ಎದುರು ನಿಂತು ನೋಡುತ್ತಿರುವಾಗ ಮಾಡಿಸಿ. ಕೊನೆಯ ಎರಡು ದಿನ ಸಿಸ್ಟರ್ ಕೈ ಕಟ್ಟಿ ನಿಂತು, ನೀವು ಮತ್ತು ನಿಮ್ಮ ಯಜಮಾನರೇ ನಳಿಗೆಯಲ್ಲಿ ಆಹಾರ ಕೊಟ್ಟು, ಮಗ್ಗುಲು ಬದಲಿಸಿ, ಇನ್ಸುಲಿನ್ ಚುಚ್ಚಿ, ಯೂರಿನ್ ಬ್ಯಾಗ್ ಖಾಲಿ ಮಾಡುವಂತಾಗಬೇಕು. 'ಮನೆಗೆ ಹೋದ ಮೇಲೆ ಕಲಿತರಾಯಿತು' ಎಂದುಕೊಂಡು ಹೊರಟ ಕುಟುಂಬಗಳು ಮೂರನೆಯ ದಿನವೇ ಮರಳಿ ಬಂದುದನ್ನು ನಾನು ಬಹಳ ನೋಡಿದ್ದೇನೆ. ಕೇಳಿದರೆ ಸಿಸ್ಟರ್‌ಗಳು ಸಂತೋಷದಿಂದ ಕಲಿಸುತ್ತಾರೆ, ಸಂಕೋಚಪಡಬೇಡಿ.

ಮೊದಲು ಕಲಿಯಬೇಕಾದದ್ದು ಮಗ್ಗುಲು ಬದಲಿಸುವುದು, ಏಕೆಂದರೆ ಹುಣ್ಣು ಈಗಾಗಲೇ ಇದೆ. ಮೆತ್ತಗಾದ ಹಳೆಯ ಹತ್ತಿಯ ಪಂಚೆಯೊಂದನ್ನು ನಾಲ್ಕು ಮಡಿಕೆ ಮಾಡಿ, ಅವರ ಭುಜದಿಂದ ತೊಡೆಯವರೆಗೆ ಬರುವಂತೆ ಬೆನ್ನಿನ ಕೆಳಗೆ ಅಡ್ಡಲಾಗಿ ಹಾಸಿರಿ. ಇಬ್ಬರು ಎರಡೂ ಬದಿ ನಿಂತು, ಪಂಚೆಯ ಅಂಚನ್ನು ಮೈಗೆ ಹತ್ತಿರವಾಗಿ ಸುತ್ತಿ ಹಿಡಿದು, ಒಟ್ಟಿಗೆ ಎತ್ತಿ ಸರಿಸಬೇಕು. ಕಂಕುಳಿಗೆ ಕೈ ಹಾಕಿ ದರದರನೆ ಎಳೆಯಬಾರದು. ಎಳೆದಾಗ ಚರ್ಮ ಹಾಸಿಗೆಗೆ ಉಜ್ಜಿ, ಒಳಗಿನ ಮಾಂಸ ಬೇರೆ, ಮೇಲಿನ ಚರ್ಮ ಬೇರೆಯಾಗಿ ಹುಣ್ಣು ದೊಡ್ಡದಾಗುತ್ತದೆ. ಲಕ್ವ ಹೊಡೆದ ಬಲಗೈಯನ್ನಂತೂ ಎಂದಿಗೂ ಹಿಡಿದೆಳೆಯಬೇಡಿ. ಆ ಭುಜದ ಕೀಲನ್ನು ಹಿಡಿದಿಡಬೇಕಾದ ಸ್ನಾಯುಗಳಲ್ಲಿ ಬಲವಿಲ್ಲದ ಕಾರಣ ಅದು ಸುಲಭವಾಗಿ ಜಾರಿ, ತಿಂಗಳುಗಟ್ಟಲೆ ನೋವು ಕೊಡುತ್ತದೆ. ಎರಡು ಗಂಟೆಗೊಮ್ಮೆ ಎಡಕ್ಕೆ, ಬಲಕ್ಕೆ ಸ್ವಲ್ಪ ಓರೆಯಾಗಿ ಮಲಗಿಸಿ ಬೆನ್ನಿಗೆ ದಿಂಬು ಕೊಡಿ. ಹುಣ್ಣು ಮಾಯುವವರೆಗೆ ನೇರವಾಗಿ ಅಂಗಾತ ಮಲಗಿಸುವುದನ್ನು ಆದಷ್ಟು ತಪ್ಪಿಸಿ. ನಡುವೆ ತೂತಿರುವ ರಬ್ಬರಿನ ಟ್ಯೂಬನ್ನು ಸೊಂಟದ ಕೆಳಗೆ ಇಡುವ ಹಳೆಯ ಪದ್ಧತಿ ಬೇಡ, ಅದು ಸುತ್ತಲಿನ ರಕ್ತಸಂಚಾರವನ್ನೇ ತಡೆಯುತ್ತದೆ. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದೂ ಬೇಡ.

ಇಲ್ಲಿ ನನ್ನದೇ ಅನುಭವವೊಂದನ್ನು ಹೇಳಬೇಕು. ನನ್ನ ತಂದೆ ಸೊಂಟದ ಮೂಳೆ ಮುರಿದು ಒಂದೂವರೆ ತಿಂಗಳು ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಚಳಿಗಾಲ. ಕಾಲು ತಣ್ಣಗಾಗುತ್ತದೆಂದು ನಮ್ಮ ತಾಯಿ ಉಣ್ಣೆಯ ಕಾಲುಚೀಲ ಹಾಕಿಸಿದ್ದರು. ನಾನು ದಿನವೂ ಅವರ ಬೆನ್ನು, ಸೊಂಟ ನೋಡುತ್ತಿದ್ದೆ. ಕಾಲುಚೀಲ ತೆಗೆದು ನೋಡಲಿಲ್ಲ. ಒಂಬತ್ತನೆಯ ದಿನ ಸ್ನಾನ ಮಾಡಿಸುವಾಗ ಎಡ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಮಚ್ಚೆ ಕಂಡಿತು. ಅದು ಮಾಯಲು ಐದು ತಿಂಗಳು ಹಿಡಿಯಿತು. ವೈದ್ಯೆಯಾದ ಮಗಳ ಕಣ್ಣೆದುರೇ ಹೀಗಾಯಿತೆಂಬ ನೋವು ನನಗೆ ಇಂದಿಗೂ ಇದೆ. ಆದ್ದರಿಂದ ಕೇಳಿಕೊಳ್ಳುತ್ತೇನೆ: ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿ, ಮತ್ತು ದಿನಕ್ಕೊಮ್ಮೆ ಬೆಳಕಿನಲ್ಲಿ ಹಿಮ್ಮಡಿ, ಗಿಣ್ಣು, ಸೊಂಟದ ಎರಡೂ ಬದಿ, ಮೊಣಕೈ, ಭುಜದ ಹಿಂಭಾಗ, ತಲೆಯ ಹಿಂಭಾಗ, ಕಿವಿಯ ಅಂಚನ್ನೂ ಬಿಡದೆ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಒಂದು ಕ್ಷಣ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಅಲ್ಲಿ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದು. ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು.

ಪಂಪಿನಿಂದ ಗಾಳಿ ತುಂಬುವ ಹಾಸಿಗೆ, ಅಂದರೆ ಏರ್ ಬೆಡ್, ಬೇಕೇಬೇಕು. ಆದರೆ ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆಂದು ನನಗಿಂತ ನಿಮಗೆ ಗೊತ್ತು. ಪಂಪು ನಿಂತರೆ ಗಾಳಿ ಇಳಿದು, ಅವರ ಮೈ ಮಂಚದ ಹಲಗೆಗೇ ಒತ್ತುತ್ತದೆ. ಆದ್ದರಿಂದ ಏರ್ ಬೆಡ್ಡಿನ ಕೆಳಗೆ ಒಳ್ಳೆಯ ಫೋಮ್ ಹಾಸಿಗೆಯೊಂದು ಇರಲೇಬೇಕು, ಪಂಪಿನ ಪ್ಲಗ್ಗನ್ನು ಮನೆಯ ಇನ್ವರ್ಟರ್ ಲೈನಿಗೆ ಕೊಡಿಸಿ. ತಲೆಯ ಭಾಗ ಎತ್ತಲು ಬರುವ ಫೌಲರ್ ಮಂಚ ಶಿವಮೊಗ್ಗದಂತಹ ಊರುಗಳಲ್ಲಿ ಬಾಡಿಗೆಗೆ ಸಿಗುತ್ತದೆ, ಕೊಳ್ಳುವ ಅಗತ್ಯವಿಲ್ಲ. ಮಂಚವನ್ನು ಗೋಡೆಗೆ ತಾಗಿಸದೆ, ಎರಡೂ ಬದಿಯಲ್ಲಿ ನಿಲ್ಲಲು ಜಾಗ ಬಿಟ್ಟು ಹಾಕಿ. ಹಿಂದಿನ ಕೋಣೆಗಿಂತ, ಜಗಲಿಯ ಮೇಲೆ ಬಂದುಹೋಗುವವರು ಕಾಣುವಂತಹ ಕೋಣೆ ಅವರಿಗೆ ಹಿತವೆನಿಸುತ್ತದೆ. ನಿಮ್ಮ ಕಡೆಯ ಮನೆಗಳ ಎತ್ತರದ ಹೊಸ್ತಿಲನ್ನು ಗಾಲಿಕುರ್ಚಿ ದಾಟಲಾರದು. ಆಚಾರಿಯನ್ನು ಕರೆಸಿ ಹೊಸ್ತಿಲ ಎರಡೂ ಬದಿಗೆ ಇಳಿಜಾರಾದ ಹಲಗೆ ಮಾಡಿಸಿ, ಈ ವಾರವೇ.

ಇನ್ನು ಆಹಾರ. ಕೊಡುವಾಗ ತಲೆಯ ಭಾಗ ಕನಿಷ್ಠ 30ರಿಂದ 45 ಡಿಗ್ರಿ ಎತ್ತಿರಬೇಕು, ಕೊಟ್ಟ ಮೇಲೂ ಒಂದು ಗಂಟೆ ಹಾಗೆಯೇ ಇರಬೇಕು. ಪ್ರತಿ ಬಾರಿ ಕೊಡುವ ಮುನ್ನ ನಳಿಗೆಯ ಮೇಲಿನ ಗುರುತು ಮೂಗಿನ ಬಳಿ ಮೊದಲಿದ್ದಲ್ಲೇ ಇದೆಯೇ ಎಂದು ನೋಡಿ. ಡಿಸ್ಚಾರ್ಜ್ ದಿನ ಆ ಗುರುತು ಎಷ್ಟೆಂದು ಬರೆದುಕೊಂಡಿರಿ. ರಾಗಿ ಅಂಬಲಿಯಾಗಲಿ, ಬೇಳೆಯ ಕಟ್ಟಾಗಲಿ, ತೆಳುಬಟ್ಟೆಯಲ್ಲಿ ಸೋಸಿ, ಉಗುರುಬೆಚ್ಚಗೆ ಮಾಡಿ, ಸಿರಿಂಜಿನ ಹಿಡಿಯನ್ನು ಒತ್ತಿ ತಳ್ಳದೆ, ಎತ್ತಿ ಹಿಡಿದು ತಾನಾಗಿ ಇಳಿಯಲು ಬಿಡಬೇಕು. ಒಂದು ಸಲಕ್ಕೆ ಎಷ್ಟು, ದಿನಕ್ಕೆ ಎಷ್ಟು ಸಲ ಎಂಬುದನ್ನು ಆಹಾರತಜ್ಞರಿಂದ ಬರೆಸಿಕೊಳ್ಳಿ. ಸಾಮಾನ್ಯವಾಗಿ 200 ಮಿ.ಲೀ. ಆಸುಪಾಸಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಹೇಳುತ್ತಾರೆ. ಮುಗಿದ ಮೇಲೆ ಕುದಿಸಿ ಆರಿಸಿದ ನೀರು ಹಾಕಿ ನಳಿಗೆ ತೊಳೆಯಬೇಕು. ಯಾವ ಮಾತ್ರೆಯನ್ನು ಪುಡಿ ಮಾಡಬಹುದು, ಯಾವುದನ್ನು ಮಾಡಬಾರದು ಎಂದು ಒಂದೊಂದನ್ನೂ ತೋರಿಸಿ ಕೇಳಿ, ಏಕೆಂದರೆ ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ಅರೆದರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ಸೇರುತ್ತದೆ.

ಒಂದು ಮಾತನ್ನು ಮನೆಯವರೆಲ್ಲರಿಗೂ, ನೋಡಲು ಬರುವ ನೆಂಟರಿಗೂ ಮುಂಚೆಯೇ ಹೇಳಿಬಿಡಿ. ಯಾರೋ ಹಿರಿಯರು ಪ್ರೀತಿಯಿಂದ 'ಬಾಯಾರಿರುತ್ತೆ, ಒಂದು ಚಮಚ ಕಾಫಿ ಹಾಕಿ' ಎನ್ನುತ್ತಾರೆ, ದೇವಸ್ಥಾನದಿಂದ ತಂದ ತೀರ್ಥವನ್ನು ಬಾಯಿಗೆ ಬಿಡುತ್ತಾರೆ. ನಮಗೆ ನೆತ್ತಿಗೆ ಹತ್ತಿದರೆ ಕೆಮ್ಮು ಬಂದು ಹೊರಹೋಗುತ್ತದೆ. ಲಕ್ವ ಹೊಡೆದವರಲ್ಲಿ ಆ ಕೆಮ್ಮು ಕೂಡ ಬಾರದೆ ಶ್ವಾಸಕೋಶಕ್ಕೆ ಇಳಿಯಬಹುದು. ಅದರಲ್ಲೂ ನೀರಿನಂತಹ ತೆಳ್ಳನೆಯ ಪದಾರ್ಥವೇ ಹೆಚ್ಚು ಅಪಾಯ. ಒಮ್ಮೆ ನ್ಯುಮೋನಿಯಾದಿಂದ ಪಾರಾಗಿ ಬಂದವರಿಗೆ ಇನ್ನೊಮ್ಮೆ ಬರಬಾರದು. ತೀರ್ಥವನ್ನು ತಲೆಗೆ ಪ್ರೋಕ್ಷಿಸಿದರೂ ಭಕ್ತಿಗೆ ಕೊರತೆಯಿಲ್ಲ. ನುಂಗುವ ಶಕ್ತಿ ಮರಳಿದೆಯೇ ಎಂದು ಪರೀಕ್ಷೆ ಮಾಡಿ ಹೇಳುವವರೆಗೆ ಬಾಯಿಗೆ ಏನನ್ನೂ ಕೊಡಬೇಡಿ, ಆದರೆ ದಿನಕ್ಕೆ ಎರಡು ಮೂರು ಸಲ ಒದ್ದೆ ಬಟ್ಟೆಯಿಂದ ಹಲ್ಲು, ವಸಡು, ನಾಲಿಗೆಯನ್ನು ಒರೆಸಿ. ಬಾಯಿಯಿಂದ ಊಟವಿಲ್ಲದಿದ್ದರೂ ಬಾಯಿ ಕೊಳೆಯಾಗುತ್ತದೆ, ಆ ಕೊಳೆಯೂ ಶ್ವಾಸಕೋಶಕ್ಕೆ ಇಳಿಯುತ್ತದೆ.

ನಳಿಗೆ ಕಿತ್ತುಬಂದರೆ ನೀವೇ ಒಳಗೆ ತಳ್ಳಬೇಡಿ. ಅದಕ್ಕಿಂತ ಮುಖ್ಯವಾದದ್ದು, ಯಾವುದೇ ಕಾರಣಕ್ಕೆ ಆಹಾರ ನಿಂತಿದ್ದರೆ ವೈದ್ಯರನ್ನು ಫೋನಿನಲ್ಲಾದರೂ ಕೇಳದೆ ಆ ಹೊತ್ತಿನ ಇನ್ಸುಲಿನ್ ಕೊಡಬೇಡಿ. ಹೊಟ್ಟೆಯಲ್ಲಿ ಆಹಾರವಿಲ್ಲದೆ ಇನ್ಸುಲಿನ್ ಹೋದರೆ ಸಕ್ಕರೆ ಕುಸಿಯುತ್ತದೆ, ಮಾತಾಡಲಾರದ ಮನುಷ್ಯ ತನಗೆ ತಲೆ ಸುತ್ತುತ್ತಿದೆ, ಬೆವರುತ್ತಿದೆ ಎಂದು ಹೇಳಲಾರ. ಗ್ಲುಕೋಮೀಟರ್ ಒಂದನ್ನು ಕೊಂಡು, ಬಳಸುವುದನ್ನು ವಾರ್ಡಿನಲ್ಲೇ ಕಲಿಯಿರಿ.

ಯೂರಿನ್ ಬ್ಯಾಗ್ ಸದಾ ಹೊಟ್ಟೆಯ ಮಟ್ಟಕ್ಕಿಂತ ಕೆಳಗೆ ತೂಗುತ್ತಿರಲಿ, ನೆಲಕ್ಕೆ ತಾಗದಿರಲಿ. ಮಗ್ಗುಲು ಬದಲಿಸುವಾಗ ಅದನ್ನು ಹೊಟ್ಟೆಯ ಮೇಲೆ ಇಟ್ಟುಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಕ್ಯಾಥೆಟರನ್ನು ಯಾವ ದಿನಾಂಕಕ್ಕೆ ಬದಲಿಸಬೇಕೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆಸಿಕೊಂಡು, ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದವರು ಅದನ್ನು ಮಾಡಿಕೊಡುತ್ತಾರೆಯೇ ಎಂದು ಈಗಲೇ ವಿಚಾರಿಸಿ. ಅದನ್ನು ತೆಗೆಯುವ ಪ್ರಯತ್ನ ಯಾವಾಗ ಮಾಡಬಹುದೆಂದೂ ಕೇಳಿ. ಮನೆಯವರು ಕೇಳದಿದ್ದರೆ ಬೇಡವಾದ ಕ್ಯಾಥೆಟರ್‌ಗಳು ತಿಂಗಳುಗಟ್ಟಲೆ ಉಳಿದುಬಿಡುತ್ತವೆ.

ಔಷಧಗಳ ವಿಷಯದಲ್ಲಿ ಮನೆಯ ಹಳೆಯ ಡಬ್ಬಿಯೇ ದೊಡ್ಡ ಶತ್ರು. ಮೊದಲು ನುಂಗುತ್ತಿದ್ದ ಬಿ.ಪಿ. ಮಾತ್ರೆಯನ್ನೇ ಆಸ್ಪತ್ರೆಯವರು ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿರುತ್ತಾರೆ. ಮನೆಯಲ್ಲಿ ಎರಡೂ ಹೋಗುತ್ತವೆ. ಹಳೆಯ ಡಬ್ಬಿಯನ್ನು ಹಾಗೆಯೇ ಎತ್ತಿಕೊಂಡು ವಾರ್ಡಿಗೆ ಹೋಗಿ, ಡ್ಯೂಟಿ ಡಾಕ್ಟರ ಎದುರು ಒಂದೊಂದಾಗಿ ತೋರಿಸಿ, ಯಾವುದು ಮುಂದುವರಿಯಬೇಕು, ಯಾವುದು ನಿಲ್ಲಬೇಕೆಂದು ಕನ್ನಡದಲ್ಲಿ ಪಟ್ಟಿ ಮಾಡಿ ಮಂಚದ ಬಳಿಯ ಗೋಡೆಗೆ ಅಂಟಿಸಿ. ಆಯುಷ್ಮಾನ್ ಭಾರತ್ ಯೋಜನೆಯಡಿ ಚಿಕಿತ್ಸೆ ನಡೆದಿದ್ದರೆ ಬಿಡುಗಡೆಯ ನಂತರದ 15 ದಿನಗಳ ಔಷಧ ಪ್ಯಾಕೇಜಿನಲ್ಲೇ ಸೇರಿರುತ್ತದೆ, ಕೇಳಿ ಪಡೆಯಿರಿ.

ಪ್ರಯಾಣ ಆಗುಂಬೆ ಘಾಟಿಯಲ್ಲಾದರೆ ಬೆಳಿಗ್ಗೆಯೇ ಹೊರಡಿ, ವಾರದ ನಡುವಿನ ದಿನವನ್ನು ಆರಿಸಿ. ಶನಿವಾರ ಸಂಜೆ ಮನೆ ಮುಟ್ಟಿದರೆ ಭಾನುವಾರ ಯಾವ ಸಂಶಯಕ್ಕೂ ಕೇಳಲು ಯಾರೂ ಸಿಗುವುದಿಲ್ಲ. 108 ತುರ್ತು ಸೇವೆಗೆ ಮೀಸಲಾದ್ದರಿಂದ ಖಾಸಗಿ ಆಂಬುಲೆನ್ಸ್ ಗೊತ್ತು ಮಾಡಬೇಕಾಗುತ್ತದೆ. 14 ಹೇರ್‌ಪಿನ್ ತಿರುವುಗಳಲ್ಲಿ ವಾಂತಿಯಾಗುವ ಸಂಭವವಿರುವುದರಿಂದ ಹೊರಡುವ ಎರಡು ಗಂಟೆ ಮೊದಲೇ ಆಹಾರ ನಿಲ್ಲಿಸಿ, ಅದಕ್ಕೆ ತಕ್ಕಂತೆ ಆ ದಿನದ ಇನ್ಸುಲಿನ್ ಹೇಗೆಂದು ಕೇಳಿಕೊಳ್ಳಿ, ದಾರಿಯುದ್ದಕ್ಕೂ ತಲೆ ಎತ್ತರದಲ್ಲಿರಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು 'ಕೊನೆಗೆ ಎಲ್ಲರೂ ನನ್ನ ಮುಖ ನೋಡುತ್ತಾರೆ' ಎಂಬ ಸಾಲು. ಎರಡು ಗಂಟೆಗೊಮ್ಮೆ ಎಂದರೆ ದಿನಕ್ಕೆ ಹನ್ನೆರಡು ಸಲ. ಅದರಲ್ಲಿ ನಾಲ್ಕೈದು ರಾತ್ರಿಯ ಹೊತ್ತು. ಇದನ್ನು ಒಬ್ಬ ಹೆಂಗಸು ತಿಂಗಳುಗಟ್ಟಲೆ ಮಾಡಲಾರಳು, ಮಾಡಬೇಕೆಂದು ಯಾರೂ ನಿರೀಕ್ಷಿಸಬಾರದು. ಆದ್ದರಿಂದ ನಿಮ್ಮ ಯಜಮಾನರಿಗೆ ನೇರವಾಗಿ ಬರೆಯುತ್ತಿದ್ದೇನೆ, ಇದನ್ನು ಅವರಿಗೆ ಓದಲು ಕೊಡಿ. ತಂದೆಯ ಮೈ ತೊಳೆಯುವುದು, ಡೈಪರ್ ಬದಲಿಸುವುದು ಮಗನ ಕೆಲಸ. ಮಾತು ಹೋಗಿರಬಹುದು, ನಾಚಿಕೆ ಹೋಗಿರುವುದಿಲ್ಲ. ಸೊಸೆಯ ಎದುರು ಬೆತ್ತಲಾಗಬೇಕಾದ ಹಿರಿಯರು ಮುಖ ಗೋಡೆಗೆ ತಿರುಗಿಸಿಕೊಂಡು ಕಣ್ಣೀರಿಡುವುದನ್ನು ನಾನು ಕಂಡಿದ್ದೇನೆ. ತೋಟದ ಕೆಲಸಕ್ಕೆ ಆಳು ಸಿಕ್ಕಾರು, ಈ ಕೆಲಸಕ್ಕೆ ನಿಮ್ಮ ಕೈಯೇ ಬೇಕು. ರಾತ್ರಿ ಒಂದು ಗಂಟೆಯವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು ಎಂದು ಪಾಳಿ ಹಾಕಿಕೊಂಡು, ಮಗ್ಗುಲು ಬದಲಿಸುವಂತಹ, ಇಬ್ಬರು ಬೇಕಾದ ಕೆಲಸಕ್ಕೆ ಮಾತ್ರ ಇನ್ನೊಬ್ಬರನ್ನು ಎಬ್ಬಿಸಿ.

ಹೋಂ ನರ್ಸ್ ಬಗ್ಗೆ ಭಾವನವರು ಹೇಳಿದ್ದು ತಪ್ಪಲ್ಲ, ಆದರೆ ಆ ಹೆಸರಿನಲ್ಲಿ ಬರುವವರೆಲ್ಲ ನರ್ಸಿಂಗ್ ಓದಿದವರಲ್ಲ. ನಳಿಗೆಯಲ್ಲಿ ಆಹಾರ ಕೊಟ್ಟು, ಹುಣ್ಣಿರುವವರನ್ನು ನೋಡಿಕೊಂಡು ಅಭ್ಯಾಸವಿದೆಯೇ ಎಂದು ಕೇಳಿ, ಸಾಧ್ಯವಾದರೆ ಡಿಸ್ಚಾರ್ಜಿಗೆ ಎರಡು ದಿನ ಮೊದಲೇ ವಾರ್ಡಿಗೆ ಕರೆಸಿ. ಖರ್ಚು ಭಾವನವರು ವಹಿಸಿಕೊಳ್ಳಲಿ, ಜೊತೆಗೆ ಎರಡು ತಿಂಗಳಿಗೊಮ್ಮೆಯಾದರೂ ಅವರೋ ನಾದಿನಿಯೋ ಒಂದು ವಾರ ಬಂದು ಇದ್ದು ನಿಮಗೆ ಬಿಡುವು ಕೊಡಲಿ. ಅತ್ತೆಗೆ ಬಗ್ಗಲಾಗದಿದ್ದರೂ ಪಕ್ಕದಲ್ಲಿ ಕುಳಿತು ಮಾತನಾಡಬಲ್ಲರು. ಅದು ಕೂಡ ಚಿಕಿತ್ಸೆಯೇ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಲಿ, 'ಹೌದು, ಅಲ್ಲ' ಎಂದು ತಲೆಯಾಡಿಸಿ ಉತ್ತರಿಸುವಂತಿರಲಿ, ವಸ್ತುವನ್ನು ಕೈಯಲ್ಲಿ ಹಿಡಿದು ತೋರಿಸಲಿ. ಮಾತಾಡಲಾರದವರಿಗೆ ಕಿವಿ ಕೇಳಿಸುತ್ತದೆ. 'ಹೇಗಿದ್ದವರು ಹೀಗಾಗಿಬಿಟ್ಟರಲ್ಲ' ಎಂದು ಮಂಚದ ಪಕ್ಕ ನಿಂತು ಮರುಗುವವರನ್ನು ಮೆಲ್ಲಗೆ ಹೊರಗೆ ಕರೆದೊಯ್ಯಿರಿ. ಕೈಕಾಲಿನ ಚೇತರಿಕೆ ಮೊದಲ ಮೂರು ತಿಂಗಳಲ್ಲೇ ಹೆಚ್ಚು ವೇಗವಾಗಿ ಆಗುವುದರಿಂದ, ಫಿಸಿಯೋಥೆರಪಿ ಮನೆಗೆ ಬಂದ ಮರುದಿನದಿಂದಲೇ ಮುಂದುವರಿಯಬೇಕು.

ಜ್ವರ, ಏದುಸಿರು, ಕರೆದರೂ ಎಚ್ಚರವಾಗದಷ್ಟು ಮಂಪರು, ಆರು ಗಂಟೆಯಾದರೂ ಬ್ಯಾಗಿಗೆ ಮೂತ್ರ ಇಳಿಯದಿರುವುದು, ಕಪ್ಪಾದ ಮಲ, ಒಂದೇ ಕಾಲು ಊದಿಕೊಳ್ಳುವುದು, ಹುಣ್ಣಿನಿಂದ ವಾಸನೆ ಬರುವುದು, ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಉಸಿರಾಟ ಮತ್ತೆ ಕೆಟ್ಟರೆ ಎಲ್ಲಿಯವರೆಗೆ ಚಿಕಿತ್ಸೆ ಕೊಡಿಸಬೇಕು, ವೆಂಟಿಲೇಟರಿನಿಂದ ಅವರಿಗೆ ಪ್ರಯೋಜನವಿದೆಯೇ ಎಂಬುದನ್ನು ವೈದ್ಯರೊಡನೆ, ಅಣ್ಣತಮ್ಮಂದಿರು, ನಾದಿನಿ, ಅತ್ತೆ ಎಲ್ಲರೂ ಕುಳಿತು ಈ ವಾರವೇ ಮಾತನಾಡಿಕೊಳ್ಳಿ. ಮಧ್ಯರಾತ್ರಿ ಆಂಬುಲೆನ್ಸ್ ಬಾಗಿಲಲ್ಲಿ ನಿಂತು ನೀವೊಬ್ಬರೇ ನಿರ್ಧರಿಸುವಂತಾಗಬಾರದು. ನಿಮಗೇ ನಿದ್ದೆ ಬಾರದೆ ಮನಸ್ಸು ಕುಗ್ಗಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಪ್ರಶ್ನೆ: ನನ್ನ ತಾಯಿಗೆ 79 ವರ್ಷ. ಒಂದು ತಿಂಗಳು ಆಸ್ಪತ್ರೆಯಲ್ಲಿದ್ದು ಹುಬ್ಬಳ್ಳಿಯ ನಮ್ಮ ಮನೆಗೆ ಬಂದು ಐದು ದಿನವಾಯಿತು. ಹಗಲು ಸರಿಯಾಗಿರುತ್ತಾಳೆ. ರಾತ್ರಿಯಾದರೆ ಹಾಸಿಗೆಯಿಂದ ಏಳಲು ನೋಡುತ್ತಾಳೆ, ಗೋಡೆಯ ಮೇಲೆ ಯಾರೋ ಇದ್ದಾರೆ ಎನ್ನುತ್ತಾಳೆ, 'ನನ್ನನ್ನು ಮನೆಗೆ ಕರಕೊಂಡು ಹೋಗು' ಎಂದು ಅಳುತ್ತಾಳೆ. ಇದೇ ನಿನ್ನ ಮನೆ ಎಂದರೆ ನಂಬುವುದಿಲ್ಲ. ತಾಯಿಗೆ ಮರೆವಿನ ಕಾಯಿಲೆ ಬಂತೇ?

ಉತ್ತರ: ಬಂದಿರಲಾರದು. ಮರೆವಿನ ಕಾಯಿಲೆ ಐದು ದಿನದಲ್ಲಿ ಬರುವುದಿಲ್ಲ. ದೀರ್ಘಕಾಲ ಆಸ್ಪತ್ರೆಯಲ್ಲಿದ್ದ ವೃದ್ಧರಲ್ಲಿ ಹೀಗೆ ಹಠಾತ್ತಾಗಿ ಶುರುವಾಗಿ, ರಾತ್ರಿ ಹೆಚ್ಚಾಗಿ, ಹಗಲು ಕಡಿಮೆಯಾಗುವ ಗಲಿಬಿಲಿಗೆ ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ಇದಕ್ಕೆ ಹೆಚ್ಚಾಗಿ ದೇಹದಲ್ಲೇ ಕಾರಣವಿರುತ್ತದೆ: ಮೂತ್ರದ ಸೋಂಕು, ಹೊಟ್ಟೆ ಕಟ್ಟಿರುವುದು, ಮೂತ್ರ ಕಟ್ಟಿರುವುದು, ನೀರು ಸಾಲದಿರುವುದು, ರಕ್ತದಲ್ಲಿ ಸೋಡಿಯಂ ಕುಸಿದಿರುವುದು, ಹೊಸದಾಗಿ ಕೊಟ್ಟ ನಿದ್ದೆಯ ಅಥವಾ ಅಲರ್ಜಿಯ ಮಾತ್ರೆ. ಆದ್ದರಿಂದ ನಿದ್ದೆ ಮಾತ್ರೆ ಕೊಟ್ಟು ಮಲಗಿಸುವ ಬದಲು, ನಾಳೆಯೇ ವೈದ್ಯರಿಗೆ ತೋರಿಸಿ ಮೂತ್ರ ಮತ್ತು ರಕ್ತಪರೀಕ್ಷೆ ಮಾಡಿಸಿ, ಎಲ್ಲ ಮಾತ್ರೆಗಳನ್ನೂ ತೆಗೆದುಕೊಂಡು ಹೋಗಿ.

ಅವರ ಕನ್ನಡಕ, ಕಿವಿಯ ಯಂತ್ರ ಆಸ್ಪತ್ರೆಯ ಚೀಲದಲ್ಲೇ ಉಳಿದಿವೆಯೇ ನೋಡಿ. ಬಹಳ ಮನೆಗಳಲ್ಲಿ ಹಾಗೆಯೇ ಆಗುತ್ತದೆ, ಕಣ್ಣು ಕಿವಿ ಮಬ್ಬಾದವರಿಗೆ ಸಂಜೆಯ ನೆರಳೇ ಮನುಷ್ಯನಾಗಿ ಕಾಣುತ್ತದೆ. ಹಗಲು ಕಿಟಕಿ ತೆರೆದು ಬೆಳಕಿನಲ್ಲಿ ಕುರ್ಚಿಯ ಮೇಲೆ ಕೂರಿಸಿ, ರಾತ್ರಿ ಸಣ್ಣ ದೀಪ ಉರಿಯುತ್ತಿರಲಿ. 'ಇದೇ ನಿನ್ನ ಮನೆ' ಎಂದು ವಾದಿಸಬೇಡಿ. ಕೈ ಹಿಡಿದು, 'ಹೋಗೋಣವ್ವ, ನಾ ಇಲ್ಲೇ ಇದ್ದೀನಿ' ಎಂದು ಹೇಳಿ, ಆ ಮನೆಯ ಅಡುಗೆಮನೆ ಎಲ್ಲಿತ್ತು, ಅಂಗಳದಲ್ಲಿ ಏನಿತ್ತು ಎಂದು ಕೇಳುತ್ತಾ ಕುಳಿತುಕೊಳ್ಳಿ. ಕಾರಣಕ್ಕೆ ಚಿಕಿತ್ಸೆಯಾದ ಮೇಲೂ ಪೂರ್ತಿ ತಿಳಿಯಾಗಲು ಕೆಲವರಿಗೆ ವಾರಗಳು ಹಿಡಿಯುತ್ತವೆ; ಅಲ್ಲಿಯವರೆಗೆ ರಾತ್ರಿ ಒಬ್ಬರು ಅವರ ಕೋಣೆಯಲ್ಲೇ ಮಲಗಿ. ಗದ್ದಲ ಮಾಡುತ್ತಿದ್ದವರು ಒಂದು ದಿನ ಇದ್ದಕ್ಕಿದ್ದಂತೆ ಮೌನವಾಗಿ, ಊಟ ಬಿಟ್ಟು, ಹಗಲೆಲ್ಲ ಮಂಪರಿನಲ್ಲಿ ಬಿದ್ದುಕೊಂಡರೆ 'ಅಂತೂ ನಿದ್ದೆ ಬಂತು' ಎಂದು ಸಮಾಧಾನಪಡಬೇಡಿ. ಅದು ಇದೇ ತೊಂದರೆಯ ಇನ್ನೊಂದು ರೂಪವಾಗಿರಬಹುದು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.